ಹದ್ದು ಬಿದ್ದಾಗ ಯಾರಿಗೆ ಫೋನ್? ವನ್ಯಜೀವಿ ಪುನರ್ವಸತಿ ಕೇಂದ್ರಕ್ಕೆ ಊರಿನ ಬಲ ಕಟ್ಟುವ 12 ಸೂತ್ರಗಳು

ಬೆಂಗಳೂರಿನ ಕೆಂಗೇರಿಯಲ್ಲಿ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆ 1996ರಿಂದ ನಡೆಯುತ್ತಿದೆ. ಗಾಳಿಪಟದ ಮಾಂಜಾ ದಾರಕ್ಕೆ ರೆಕ್ಕೆ ಸೀಳಿಕೊಂಡ ಹದ್ದು, ಕರೆಂಟ್ ಹೊಡೆಸಿಕೊಂಡ ಕೋತಿ, ಮರ ಕಡಿದಾಗ ಗೂಡಿನ ಸಮೇತ ಬಿದ್ದ ಅಳಿಲು ಮರಿ, ಬಲೆಗೆ ಸಿಕ್ಕ ಕೇರೆಹಾವು: ಇಂಥ ಕೇಂದ್ರಗಳ ಬಾಗಿಲಿಗೆ ಬರುವ ರೋಗಿಗಳು ಇವರೇ. ಒಳಗೆ ಡಾಕ್ಟರ್ ಇದ್ದಾರೆ, ಔಷಧ ಇದೆ. ಆದರೆ ಜೆ.ಪಿ. ನಗರದ ಟೆರೇಸಿನಲ್ಲಿ ಬಿದ್ದ ಹದ್ದು ತಾನಾಗಿ ಕೆಂಗೇರಿಗೆ ಹೋಗಲಾರದು. ನಡುವಿನ ದಾರಿಯನ್ನು ಊರಿನ ಜನ ಕಟ್ಟಬೇಕು. ನೀವು ಕಟ್ಟುತ್ತೀರಿ.

“ನಾನು ಬರೀ ಸ್ಟೂಡೆಂಟ್, ನನ್ನಿಂದ ಏನಾಗುತ್ತೆ?” ಈ ಅನುಮಾನ ಉಗುರು ಕಚ್ಚುವ ಅಭ್ಯಾಸದ ಹಾಗೆ. ಮನಸ್ಸು ಮಾಡಿದರೆ ಬಿಡುತ್ತದೆ. ಪ್ರಾಣಿಪ್ರೀತಿ ನಿಮ್ಮಲ್ಲಿ ಇದ್ದೇ ಇದೆ ಎಂದುಕೊಂಡು ಬರೆಯುತ್ತಿದ್ದೇನೆ. ನಮ್ಮ ಊರುಗಳಲ್ಲಿ ಅದಕ್ಕೆ ಬರ ಇಲ್ಲ. ಬರ ಇರುವುದು ಶಿಸ್ತಿಗೆ.

1. ನಂಬರ್ ಇವತ್ತೇ ಸೇವ್ ಮಾಡಿ

ಕರ್ನಾಟಕ ಅರಣ್ಯ ಇಲಾಖೆಯ ಸಹಾಯವಾಣಿ 1926. ಅದರ ಜೊತೆಗೆ ನಿಮಗೆ ಹತ್ತಿರದ ಪುನರ್ವಸತಿ ಕೇಂದ್ರದ ನಂಬರ್ ಹುಡುಕಿ, ಒಮ್ಮೆ ಡಯಲ್ ಮಾಡಿ ನೋಡಿ. ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಪ್ರಾಣಿಗಳನ್ನು ತೆಗೆದುಕೊಳ್ಳುತ್ತಾರೆ, ರಾತ್ರಿ ಏನು ಮಾಡಬೇಕು, ಕೇಳಿ ಬರೆದಿಡಿ. ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಪಿನ್ ಮಾಡಿ. ಸೆಕ್ಯುರಿಟಿ ಗಾರ್ಡ್, ಮಾಲಿ, ಲಿಫ್ಟ್ ಆಪರೇಟರ್ ಮೊಬೈಲಿಗೂ ಹಾಕಿಕೊಡಿ. ಬಿದ್ದ ಹಕ್ಕಿ ಮೊದಲು ಕಣ್ಣಿಗೆ ಬೀಳುವುದು ಅವರಿಗೆ, ಅಸೋಸಿಯೇಷನ್ ಸೆಕ್ರೆಟರಿಗಲ್ಲ.

ಚಿರತೆ, ಕರಡಿ, ಕಾಡುಹಂದಿ ಕಂಡರೆ ನಿಮ್ಮ ಕೆಲಸ ಫೋನ್ ಮಾಡುವುದು ಮತ್ತು ಜನರನ್ನು ದೂರ ಇಡುವುದು. ಅಷ್ಟೇ. ವಿಡಿಯೊ ಕೂಡ ಬೇಡ.

2. ಎತ್ತುವ ಮೊದಲು ನೋಡಿ

ಬೇಸಿಗೆಯಲ್ಲಿ ನೆಲದ ಮೇಲೆ ಕುಪ್ಪಳಿಸುವ, ಮೋಟು ಬಾಲದ, ಪುಕ್ಕ ಬಂದ ಮರಿಹಕ್ಕಿ ಅನಾಥ ಅಲ್ಲ. ಅದು ಹಾರಲು ಕಲಿಯುತ್ತಿದೆ. ಅಪ್ಪ ಅಮ್ಮ ಹತ್ತಿರದ ಕೊಂಬೆಯಲ್ಲೇ ಇರುತ್ತಾರೆ. ನಾಯಿ ಬೆಕ್ಕುಗಳನ್ನು ಒಳಗೆ ಕಟ್ಟಿಹಾಕಿ, ಮರಿಯನ್ನು ಪೊದೆಯ ಮೇಲೋ ತಗ್ಗಿನ ಕೊಂಬೆಯ ಮೇಲೋ ಕೂರಿಸಿ, ದೂರ ಸರಿದು ಕಾಯಿರಿ. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಬಿಟ್ಟುಬಿಡುತ್ತದೆ ಎಂಬ ಮಾತು ಸುಳ್ಳು. ಹಕ್ಕಿಗಳು ಅಷ್ಟು ಸುಲಭಕ್ಕೆ ಮರಿ ಬಿಡುವುದಿಲ್ಲ.

ರಕ್ತ ಕಂಡರೆ, ಒಂದು ರೆಕ್ಕೆ ಜೋತುಬಿದ್ದಿದ್ದರೆ, ಮೈಗೆ ಇರುವೆ ಮುತ್ತಿದ್ದರೆ, ಕಣ್ಣು ಬಿಡದ ಬರಿಮೈ ಮರಿಯ ಗೂಡು ಎಲ್ಲೂ ಕಾಣದಿದ್ದರೆ, ಆಗ ಎತ್ತಿ. ಬೆಕ್ಕಿನ ಬಾಯಿಗೆ ಹೋಗಿ ಬಂದ ಹಕ್ಕಿಯನ್ನಂತೂ ಗಾಯ ಕಾಣದಿದ್ದರೂ ಡಾಕ್ಟರಿಗೆ ತೋರಿಸಲೇಬೇಕು. ಬೆಕ್ಕಿನ ಜೊಲ್ಲಿನ ಬ್ಯಾಕ್ಟೀರಿಯಾ ಹಲ್ಲಿನ ಸಣ್ಣ ತೂತಿನಿಂದಲೇ ಒಳಗೆ ಹೋಗಿ ಕೊಲ್ಲಬಹುದು.

ಇನ್ನೊಂದು ಬೆಂಗಳೂರು ಸ್ಪೆಷಲ್ ಗೊಂದಲ. ಕಾಗೆಯ ಗೂಡಿನ ಕೆಳಗೆ ಬಿದ್ದ ಕೋಗಿಲೆ ಮರಿಯ ಸುತ್ತ ಕಾಗೆಗಳು ಅರಚುತ್ತಿದ್ದರೆ “ಕಾಗೆ ಕುಕ್ಕಿ ಸಾಯಿಸ್ತಿದೆ” ಎಂದು ಓಡಬೇಡಿ. ಎಷ್ಟೋ ಸಲ ಆ ಕಾಗೆಯೇ ಅದರ ಸಾಕುತಾಯಿ. ಅರಚುತ್ತಿರುವುದು ನಿಮ್ಮನ್ನು ನೋಡಿ. ಸುಮ್ಮನೆ ಎತ್ತಿ ತಂದ ಆರೋಗ್ಯವಂತ ಮರಿ ಕೇಂದ್ರದಲ್ಲಿ ಇನ್ನೊಂದು ಪ್ರಾಣಿಯ ಜಾಗ ತಿನ್ನುತ್ತದೆ. ಅದಕ್ಕೇ ಮೊದಲು ನೋಡಿ.

3. ಒಂದು ರಟ್ಟಿನ ಡಬ್ಬ ರೆಡಿ ಇಡಿ

ಈ ಪಟ್ಟಿಯಲ್ಲಿ ಒಂದನ್ನೇ ಮಾಡುತ್ತೀರಿ ಎಂದಾದರೆ ಇದನ್ನು ಮಾಡಿ. ಮಿಕ್ಸಿ ಬಂದ ಡಬ್ಬ ಸಾಕು. ಬದಿಗಳಲ್ಲಿ ಗಾಳಿಗೆ ತೂತು, ತಳಕ್ಕೆ ಹಳೆಯ ಕಾಟನ್ ಬಟ್ಟೆ, ಜೊತೆಗೆ ಒಂದು ಹಳೆ ಬೆಡ್‌ಶೀಟ್, ದಪ್ಪ ಗ್ಲೌಸ್, ಟೇಪ್. ಟರ್ಕಿ ಟವೆಲ್ ಹಾಸಬೇಡಿ. ಅದರ ಎಳೆಗಳಿಗೆ ಉಗುರು ಸಿಕ್ಕಿಕೊಂಡು ಕಾಲು ತಿರುಚುತ್ತದೆ. ಕಂಬಿಯ ಪಂಜರವೂ ಬೇಡ. ಕಂಬಿಗೆ ಬಡಿದು ರೆಕ್ಕೆಯ ಗರಿ ಮುರಿದರೆ, ಹೊಸ ಗರಿ ಬರುವ ತನಕ ಆ ಹದ್ದನ್ನು ಬಿಡುಗಡೆ ಮಾಡುವಂತಿಲ್ಲ. ಎರಡು ನಿಮಿಷದ ಅವಸರಕ್ಕೆ ಕೇಂದ್ರದವರು ತಿಂಗಳುಗಟ್ಟಲೆ ಮಾಂಸ ಹಾಕಬೇಕಾಗುತ್ತದೆ.

ಹಿಡಿಯುವುದು ಹೇಗೆ? ಹಿಂದಿನಿಂದ ಹೋಗಿ ಬೆಡ್‌ಶೀಟ್ ಹೊದಿಸಿ. ಕತ್ತಲಾದ ತಕ್ಷಣ ಹಕ್ಕಿ ಶಾಂತವಾಗುತ್ತದೆ. ಹದ್ದು, ಗೂಬೆಗಳ ಕೊಕ್ಕಿಗಿಂತ ಕಾಲಿನ ಉಗುರು ಅಪಾಯ. ಕಾಲನ್ನು ಬಟ್ಟೆಯೊಳಗೇ ಹಿಡಿದು ಡಬ್ಬಕ್ಕೆ ಇಳಿಸಿ, ಮುಚ್ಚಿ. ಆಮೇಲೆ ತೆಗೆದು ತೆಗೆದು ನೋಡಬೇಡಿ. ಸೆಲ್ಫಿ ಬೇಡ, ಮಕ್ಕಳಿಗೆ ತೋರಿಸುವುದೂ ಬೇಡ. ಕಾಡುಪ್ರಾಣಿಗೆ ನಿಮ್ಮ ಮುಖ ಎಂದರೆ ಹುಲಿಯ ಮುಖ. ಮೊಲ, ಜಿಂಕೆಗಳಂತೂ ಹಿಡಿಸಿಕೊಂಡ ಭಯಕ್ಕೇ ಸಾಯುವುದುಂಟು.

ನೀರು, ಹಾಲು, ಅನ್ನ, ಬಿಸ್ಕತ್ತು ಯಾವುದನ್ನೂ ಕೊಡಬೇಡಿ. ಇಲ್ಲೇ ಎಲ್ಲರೂ ಎಡವುವುದು. ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ತೆರೆದಿರುತ್ತದೆ. ನೀವು ಪ್ರೀತಿಯಿಂದ ಬಿಟ್ಟ ಒಂದು ಚಮಚ ನೀರು ನೇರ ಶ್ವಾಸಕೋಶಕ್ಕೆ ಹೋಗಬಹುದು. ಅಳಿಲು ಮರಿಗೆ ಹಸುವಿನ ಹಾಲು ಕುಡಿಸಿದರೆ ಭೇದಿ ಹತ್ತಿ ಸೊರಗುತ್ತದೆ. ಮೈ ತಣ್ಣಗಿರುವ ಮರಿಗೆ ಮೊದಲು ಬೇಕಿರುವುದು ಬೆಚ್ಚನೆ ಜಾಗ. ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಡಬ್ಬದ ಒಂದು ಬದಿಗೆ ಇಡಿ, ಇನ್ನೊಂದು ಬದಿ ಖಾಲಿ ಇರಲಿ. ಸೆಖೆಯಾದರೆ ಮರಿ ಸರಿಯುತ್ತದೆ. ಉಳಿದದ್ದನ್ನು ಫೋನಿನಲ್ಲಿ ಕೇಂದ್ರದವರು ಹೇಳುತ್ತಾರೆ, ಹೇಳಿದಷ್ಟೇ ಮಾಡಿ.

ಕೋತಿ, ಬಾವಲಿ, ಮುಂಗುಸಿಯಂಥವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕಚ್ಚಿದರೆ, ಪರಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆಯ ಬಗ್ಗೆ ಕೇಳಿ. ಹಾವನ್ನು ತರಬೇತಿ ಪಡೆದವರಿಗೇ ಬಿಡಿ. ಯೂಟ್ಯೂಬ್ ನೋಡಿದ್ದು ತರಬೇತಿ ಅಲ್ಲ.

4. ಸಾಕುವ ಆಸೆಯನ್ನು ಕತ್ತರಿಸಿ

“ಎರಡು ದಿನ ನೋಡ್ಕೊಂಡು ಬಿಟ್ಟುಬಿಡ್ತೀನಿ” ಎಂಬ ಮಾತು ಕೇಳಲು ಚೆಂದ, ಕಾನೂನಿಗೆ ವಿರುದ್ಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ವನ್ಯಪ್ರಾಣಿ ಸರ್ಕಾರದ ಸ್ವತ್ತು. ಕೈಗೆ ಬಂದರೆ 48 ಗಂಟೆಯೊಳಗೆ ಪೊಲೀಸ್ ಠಾಣೆಗೋ ಅಧಿಕೃತ ಅಧಿಕಾರಿಗೋ ತಿಳಿಸಬೇಕು. ಪಂಜರದ ಹಸಿರು ಗಿಣಿ, ಅಕ್ವೇರಿಯಂ ಪಕ್ಕದ ನಕ್ಷತ್ರ ಆಮೆ ಎರಡೂ ಇದೇ ಕಾಯ್ದೆಯ ಅಡಿ ಬರುತ್ತವೆ. ನಕ್ಷತ್ರ ಆಮೆಯ ಅಂತರರಾಷ್ಟ್ರೀಯ ವ್ಯಾಪಾರಕ್ಕೂ 2019ರಲ್ಲಿ ಅಳಿವಿನಂಚಿನ ಜೀವಿಗಳ ವ್ಯಾಪಾರದ ಸೈಟ್ಸ್ ಒಪ್ಪಂದ ಬಾಗಿಲು ಹಾಕಿದೆ. ಅದೃಷ್ಟ ತರುತ್ತದೆ ಎಂದು ಆಮೆ ಇಟ್ಟುಕೊಂಡ ಮ್ಯಾನೇಜರ್ ನಿಮ್ಮ ಆಫೀಸಿನಲ್ಲೂ ಇರಬಹುದು. ಜಗಳ ಬೇಡ. ಕಾನೂನು ಏನು ಹೇಳುತ್ತದೆ ಎಂದು ಒಮ್ಮೆ ತಿಳಿಸಿ, ಇಲಾಖೆಗೆ ತಾವಾಗಿ ಒಪ್ಪಿಸಲು ಜೊತೆಗೆ ಹೋಗುತ್ತೇನೆ ಎನ್ನಿ.

ಕಾನೂನಿಗಿಂತ ದೊಡ್ಡ ಕಾರಣ ಇನ್ನೊಂದಿದೆ. ಎಷ್ಟೋ ಹಕ್ಕಿಗಳ ಎಳೆ ಮರಿ ತನ್ನನ್ನು ಸಾಕಿದ ಮುಖವನ್ನೇ ತಾಯಿ ಎಂದುಕೊಳ್ಳುತ್ತದೆ. ಮನುಷ್ಯನನ್ನು ತಾಯಿ ಎಂದುಕೊಂಡ ಗೂಬೆ ಮುಂದೆ ಕಾಡಿನಲ್ಲಿ ಬದುಕುವುದು ಕಷ್ಟ.

5. ಓಡಾಟಕ್ಕೆ ರೋಸ್ಟರ್ ಮಾಡಿ

ಎಲ್ಲರೂ ಪ್ರಾಣಿಗೆ ಮರುಗುತ್ತಾರೆ, ಬೈಕ್ ತೆಗೆಯುವವರು ಯಾರು? ಕೇಂದ್ರದ ಒಂದೆರಡು ವ್ಯಾನ್ ಇಡೀ ನಗರ ಸುತ್ತಲಾಗದು. ಏರಿಯಾಗೆ ಏಳು ಜನ ಸಿಕ್ಕರೆ ವಾರ ತುಂಬಿತು. ಸೋಮವಾರ ಯಾರು, ಮಂಗಳವಾರ ಯಾರು ಎಂದು ಶೀಟಿನಲ್ಲಿ ಹೆಸರು ಹಾಕಿ. ಬೈಕಿನಲ್ಲಾದರೆ ಇಬ್ಬರು ಹೋಗಿ, ಹಿಂದೆ ಕೂತವರು ಡಬ್ಬ ಹಿಡಿಯಲಿ. ಕಾರಿನಲ್ಲಿ ಹಾಡು ಹಾಕಬೇಡಿ. ಪರಿಚಯದ ಆಟೊದವರಿಗೂ ಕೇಳಿ. ಎಷ್ಟೋ ಜನ ಮೀಟರ್ ಕೂಡ ಹಾಕದೆ ಬರುತ್ತಾರೆ.

ಪ್ರಾಣಿ ಸಿಕ್ಕ ಜಾಗ, ಸಮಯ, ಹೇಗೆ ಸಿಕ್ಕಿತು ಎಂದು ಚೀಟಿ ಬರೆದು ಡಬ್ಬಕ್ಕೆ ಅಂಟಿಸಿ. ಡಾಕ್ಟರಿಗೆ ಅದು ಕೇಸ್ ಹಿಸ್ಟರಿ. ಗುಣವಾದ ಪ್ರಾಣಿಯನ್ನು ಅದರ ಜಾಗಕ್ಕೇ ಮರಳಿ ಬಿಡಲು ವಿಳಾಸವೂ ಆ ಚೀಟಿಯೇ.

6. ದುಡ್ಡಿನ ವಿಷಯಕ್ಕೆ ನಾಚಬೇಡಿ

ಬರ್ತ್‌ಡೇಗೆ ಒಮ್ಮೆ 5,000 ರೂಪಾಯಿ ಕೊಟ್ಟು ಫೋಟೊ ಹಾಕುವ ದಾನಿಗಿಂತ ತಿಂಗಳು ತಿಂಗಳು 200 ರೂಪಾಯಿ ಆಟೊ ಡೆಬಿಟ್ ಹಾಕಿದವರು ಕೇಂದ್ರಕ್ಕೆ ದೊಡ್ಡವರು. ಸಂಬಳ, ಕರೆಂಟ್ ಬಿಲ್, ಎಕ್ಸ್‌ರೇ, ಮೀನು, ಹಣ್ಣು ಎಲ್ಲವೂ ತಿಂಗಳ ಖರ್ಚು. ಬರುವ ತಿಂಗಳು ಎಷ್ಟು ಬರುತ್ತದೆ ಎಂದು ಗೊತ್ತಿದ್ದರೆ ಮಾತ್ರ ಹೊಸ ಪಶುವೈದ್ಯರನ್ನು ನೇಮಿಸಬಹುದು. ಸಂಸ್ಥೆಗೆ 80ಜಿ ಮಾನ್ಯತೆ ಇದೆಯೇ ಕೇಳಿ, ರಸೀದಿ ತೆಗೆದುಕೊಳ್ಳಿ. ಹಳೆ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ವಿನಾಯಿತಿ ಸಿಗುತ್ತದೆ, 2,000 ರೂಪಾಯಿ ಮೀರಿದ ನಗದಿಗೆ ಸಿಗದು.

ಕಂಪನಿಯಲ್ಲಿದ್ದೀರಾ? ಸಿಎಸ್‌ಆರ್ ಟೀಮಿನ ಬಾಗಿಲು ತಟ್ಟಿ. 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಇಡಬೇಕು ಎನ್ನುತ್ತದೆ. ಆ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಸಸ್ಯ ಮತ್ತು ಪ್ರಾಣಿಸಂಕುಲದ ರಕ್ಷಣೆ, ಪ್ರಾಣಿ ಕಲ್ಯಾಣ ಎಂಬ ಮಾತು ನೇರವಾಗಿ ಇದೆ. ಕೇಂದ್ರ ಸಿಎಸ್‌ಆರ್-1 ನೋಂದಣಿ ಮಾಡಿಸಿದೆಯೇ ಮೊದಲೇ ತಿಳಿದುಕೊಳ್ಳಿ. ಇಲ್ಲದಿದ್ದರೆ ಕಡತ ಅಲ್ಲೇ ನಿಲ್ಲುತ್ತದೆ. ಒಂದೇ ಪುಟದ ಪ್ರಪೋಸಲ್ ಬರೆಯಿರಿ. “ಪ್ರಾಣಿಗಳನ್ನು ಉಳಿಸಿ” ಎಂದು ಬರೆದರೆ ಯಾರೂ ಓದುವುದಿಲ್ಲ. “ಒಂದು ಇನ್‌ಕ್ಯುಬೇಟರ್, ಇಷ್ಟು ಬೆಲೆ, ಇಷ್ಟು ದಿನದಲ್ಲಿ ಅಳವಡಿಕೆ” ಎಂದು ಬರೆದರೆ ಮೀಟಿಂಗ್ ಸಿಗುತ್ತದೆ.

ದಾನಕ್ಕೆ ಶರತ್ತು ಹಾಕಬೇಡಿ. “ನನ್ನ ದುಡ್ಡಲ್ಲಿ ಮಾಂಸ ತರಬೇಡಿ” ಎನ್ನುವ ದಾನಿಗಳಿದ್ದಾರೆ. ಹದ್ದು ಮೊಸರನ್ನ ತಿನ್ನುವುದಿಲ್ಲ. ದೆಹಲಿಯ ನದೀಮ್ ಶಹಜಾದ್ ಮತ್ತು ಮೊಹಮ್ಮದ್ ಸೌದ್ ಸಹೋದರರ ಕಥೆ ಇಲ್ಲಿಂದಲೇ ಶುರು. ಮಾಂಸಾಹಾರಿ ಹಕ್ಕಿ ಎಂಬ ಕಾರಣಕ್ಕೆ ಗಾಯದ ಹದ್ದನ್ನು ಹಕ್ಕಿಗಳ ಆಸ್ಪತ್ರೆ ಸೇರಿಸಿಕೊಳ್ಳದಿದ್ದಾಗ ಅವರು ತಮ್ಮ ಮನೆಯಲ್ಲೇ ಚಿಕಿತ್ಸೆಗೆ ಇಳಿದರು. ಅವರ ಬಗ್ಗೆ ಶೌನಕ್ ಸೇನ್ ತೆಗೆದ ‘ಆಲ್ ದಟ್ ಬ್ರೀದ್ಸ್’ 2022ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದು, ಆಸ್ಕರ್ ನಾಮನಿರ್ದೇಶನದವರೆಗೂ ಹೋಯಿತು.

7. ಕೇಳಿ, ಆಮೇಲೆ ಕೊಡಿ

ಹಳೆ ನ್ಯೂಸ್‌ಪೇಪರ್, ಬೆಡ್‌ಶೀಟ್, ರಟ್ಟಿನ ಡಬ್ಬ, ಸಿರಿಂಜ್, ಬ್ಲೀಚಿಂಗ್ ಪೌಡರ್: ಈ ವಾರ ಏನು ಬೇಕು ಎಂದು ಫೋನ್ ಮಾಡಿ ಕೇಳಿ. ಹಬ್ಬದಲ್ಲಿ ಉಳಿದ ಹೋಳಿಗೆ ಕಟ್ಟಿಕೊಂಡು ಹೋಗಬೇಡಿ.

8. ನೋಡಲು ಹೋಗಬೇಡಿ, ದುಡಿಯಲು ಹೋಗಿ

ಪುನರ್ವಸತಿ ಕೇಂದ್ರ ಮೃಗಾಲಯ ಅಲ್ಲ. “ನಾವೇ ತಂದಿದ್ದು, ಒಂದ್ಸಲ ತೋರಿಸಿ” ಎಂದರೆ ಅವರು ಒಪ್ಪದಿರಬಹುದು. ಬೇಸರ ಮಾಡಿಕೊಳ್ಳಬೇಡಿ. ಮನುಷ್ಯರನ್ನು ಕಂಡು ಕಂಡು ಹೆದರಿಕೆ ಬಿಟ್ಟ ಪ್ರಾಣಿ ಹೊರಗೆ ಹೋದ ಮೇಲೆ ಸೀದಾ ಯಾರದೋ ಅಡುಗೆಮನೆಗೆ ಬರುತ್ತದೆ.

ವಾಲಂಟಿಯರ್ ಆದರೆ ಮೊದಲ ದಿನವೇ ಮರಿ ಎತ್ತಿಕೊಳ್ಳುವ ಕನಸು ಬಿಡಿ. ಹಣ್ಣು ಹೆಚ್ಚುವುದು, ಪಾತ್ರೆ ತಿಕ್ಕುವುದು, ಪಂಜರ ತೊಳೆಯುವುದು, ಬಟ್ಟೆ ಒಗೆಯುವುದು ಅಲ್ಲಿನ ನಿಜವಾದ ಕೆಲಸ. ಅದನ್ನು ಮುಖ ಸಿಂಡರಿಸದೆ ಮಾಡಿದವರಿಗೇ ಮುಂದಿನ ಕೆಲಸ ಕಲಿಸುತ್ತಾರೆ. ಇದರ ಜೊತೆಗೆ ನಿಮ್ಮ ಸ್ವಂತ ಸ್ಕಿಲ್ ಕೊಡಿ. ಬಿ.ಕಾಂ. ಹುಡುಗಿ ಲೆಕ್ಕ ನೋಡಲಿ, ಎಂಜಿನಿಯರ್ ಹುಡುಗ ಪ್ರಾಣಿಗಳ ದಾಖಲಾತಿಗೆ ಚಿಕ್ಕ ಸಾಫ್ಟ್‌ವೇರ್ ಬರೆಯಲಿ, ಕನ್ನಡ ಚೆನ್ನಾಗಿ ಬರುವವರು ಪೋಸ್ಟರ್ ಬರೆಯಲಿ. ಪ್ರಾಣಿರಕ್ಷಣೆಯ ಮಾಹಿತಿ ಬಹಳಷ್ಟು ಇಂಗ್ಲಿಷಿನಲ್ಲೇ ಇದೆ. ಬಿದ್ದ ಹಕ್ಕಿಯನ್ನು ಮೊದಲು ನೋಡುವ ಗಾರ್ಡಿಗೆ ಅದು ತಲುಪುವುದೇ ಇಲ್ಲ. ನಿಮ್ಮ ರೆಸ್ಯೂಮೆಯಲ್ಲೂ ಈ ಕೆಲಸ ಒಂದು ಒಳ್ಳೆಯ ಸಾಲು, ಸಂಕೋಚವಿಲ್ಲದೆ ಬರೆದುಕೊಳ್ಳಿ.

9. ರೋಗಿಗಳ ಸಂಖ್ಯೆಯನ್ನೇ ಇಳಿಸಿ

ಬುದ್ಧಿವಂತ ಬೆಂಬಲಿಗ ಆಸ್ಪತ್ರೆಗೆ ಕಡಿಮೆ ಕೆಲಸ ಕೊಡುತ್ತಾನೆ. ಆಷಾಢದ ಗಾಳಿಗೆ ಗಾಳಿಪಟ ಏರಿದಾಗಲೇ ಮಾಂಜಾ ಕೊಯ್ತವೂ ಏರುತ್ತದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರ ಜುಲೈನಲ್ಲೇ ನೈಲಾನ್ ಮತ್ತು ಸಿಂಥೆಟಿಕ್ ಮಾಂಜಾವನ್ನು ದೇಶದಾದ್ಯಂತ ನಿಷೇಧಿಸಿತು. ಆದರೂ ಕದ್ದು ಮಾರುವ ಅಂಗಡಿಗಳಿವೆ. ಕಂಡರೆ ಪೊಲೀಸರಿಗೆ ತಿಳಿಸಿ. ಮಕ್ಕಳಿಗೆ ಸಾದಾ ಹತ್ತಿ ದಾರ ಕೊಡಿಸಿ. ಸೀಸನ್ ಮುಗಿದ ಭಾನುವಾರ ಹುಡುಗರನ್ನು ಕೂಡಿಸಿ, ಕೋಲು ಕತ್ತರಿ ಹಿಡಿದು ಬೀದಿಯ ಮರಗಳಿಗೆ ಸುತ್ತಿದ ದಾರ ಬಿಡಿಸಿ. ಗಾಳಿಪಟ ಮರೆತುಹೋಗುತ್ತದೆ, ನೈಲಾನ್ ದಾರ ವರ್ಷಗಟ್ಟಲೆ ಅಲ್ಲೇ ನೇತಾಡುತ್ತಿರುತ್ತದೆ. ಕರೆಂಟ್ ತಂತಿಯ ಹತ್ತಿರದ್ದನ್ನು ಮಾತ್ರ ಮುಟ್ಟಬೇಡಿ, ಬೆಸ್ಕಾಂಗೆ ಹೇಳಿ.

ಇಲಿಗೆ ಇಡುವ ಅಂಟಿನ ಹಲಗೆ ನಿಲ್ಲಿಸಿ. ಅದರಲ್ಲಿ ಗುಬ್ಬಿ, ಹಲ್ಲಿ, ಹಾವಿನ ಮರಿ ಕೂಡ ಸಿಕ್ಕಿ ನರಳುತ್ತವೆ. ಪಾರಿವಾಳಕ್ಕೆಂದು ಕಟ್ಟಿದ ಬಲೆ ಸಡಿಲವಾಗಿದ್ದರೆ ಬಿಗಿ ಮಾಡಿಸಿ, ಹರಿದಿದ್ದರೆ ತೆಗೆಸಿ. ಮರದ ಕೊಂಬೆ ಸವರುವುದಿದ್ದರೆ ಗೂಡಿನ ಕಾಲ ಬಿಟ್ಟು ಮಾಡಿಸಿ ಎಂದು ಅಸೋಸಿಯೇಷನ್ ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿ. ಅಲ್ಲಿ ನಾಲ್ಕು ಜನ ನಗಬಹುದು. ನಗಲಿ, ಠರಾವು ಬರೆಸಿಕೊಂಡೇ ಕೂರಿ.

10. ಗೂಬೆಯ ಪರ ವಕಾಲತ್ತು ವಹಿಸಿ

ಅಪಾರ್ಟ್‌ಮೆಂಟಿನ ಡಕ್ಟಿನಲ್ಲಿ ಕಣಜಗೂಬೆ ಮರಿ ಮಾಡಿದರೆ ಮನೆಗೆ ಶನಿ ಬಂತು ಎನ್ನುವವರಿಗೆ ಭಾಷಣ ಮಾಡಬೇಡಿ. ಈ ಸಂಸಾರ ರಾತ್ರಿಯೆಲ್ಲ ನಿಮ್ಮ ಇಲಿಗಳನ್ನೇ ಹಿಡಿಯುತ್ತಿದೆ, ಮರಿ ಹಾರಿದ ಮೇಲೆ ಬೇಕಾದರೆ ಕಿಂಡಿ ಮುಚ್ಚಿಸೋಣ ಎನ್ನಿ. ದಿನಾಂಕ ಕೊಟ್ಟರೆ ಹಿರಿಯರೂ ಒಪ್ಪುತ್ತಾರೆ. ನಾಗರ ಪಂಚಮಿಗೆ ಜೀವಂತ ಹಾವಿಗೆ ಹಾಲೆರೆಯುವ ವಿಷಯದಲ್ಲೂ ಇದೇ ದಾರಿ: ಕಲ್ಲಿನ ನಾಗನಿಗೆ ಎರೆಯೋಣ ಅಜ್ಜಿ, ಜೀವಂತ ಹಾವಿಗೆ ಹಾಲು ಅರಗುವುದಿಲ್ಲ.

11. ಕೊಕ್ಕರೆ ಬೆಳ್ಳೂರಿಗೆ ಒಮ್ಮೆ ಹೋಗಿ ಬನ್ನಿ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಈ ಹಳ್ಳಿ ಸಮುದಾಯ ಬೆಂಬಲದ ಪಾಠಶಾಲೆ. ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಮನೆಗಳ ನಡುವಿನ ಹುಣಸೆ ಮರಗಳ ಮೇಲೆ ಗೂಡು ಕಟ್ಟುತ್ತವೆ. ಕೆಳಗೆ ದನ ಕಟ್ಟಿರುತ್ತಾರೆ, ರಾಗಿ ಒಣಗುತ್ತಿರುತ್ತದೆ, ಮೇಲಿನಿಂದ ಹಿಕ್ಕೆ ಬೀಳುತ್ತಿರುತ್ತದೆ. ವಾಸನೆಯೂ ಜೋರು. ಊರಿನವರು ಓಡಿಸುವುದಿಲ್ಲ. ಹಿಕ್ಕೆ ಹೊಲಕ್ಕೆ ಗೊಬ್ಬರ, ಹಕ್ಕಿ ಬಂದರೆ ಊರಿಗೆ ಒಳ್ಳೆಯದು ಎಂಬ ನಂಬಿಕೆ ಹಳೆಯದು.

1994ರಲ್ಲಿ ಮೈಸೂರಿನ ಕೆ. ಮನು ಮತ್ತು ಗೆಳೆಯರು ಊರಿನ ಯುವಕರ ಜೊತೆ ಸೇರಿ ಹೆಜ್ಜಾರ್ಲೆ ಬಳಗ ಕಟ್ಟಿದರು. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ, ಊರಿನೊಳಗಿನ ಆವರಣದಲ್ಲಿಟ್ಟು, ಮೀನು ಹಾಕಿ ಬೆಳೆಸಿ ಬಿಡುವುದು ಬಳಗದ ಕೆಲಸ. ಪುನರ್ವಸತಿ ಕೇಂದ್ರ ಎಂದರೆ ದೊಡ್ಡ ಕಟ್ಟಡವೇ ಆಗಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. 2007ರಲ್ಲಿ ಊರಿಗೆ ಸಮುದಾಯ ಮೀಸಲು ಪ್ರದೇಶ ಎಂಬ ಮಾನ್ಯತೆಯೂ ಬಂತು.

ಗಮನಿಸಬೇಕಾದದ್ದು ಲೆಕ್ಕಾಚಾರ. ಹಕ್ಕಿ ಕೂತ ಮರದ ಹುಣಸೆಹಣ್ಣು ಕೊಯ್ಯಲಾಗದು, ಅದು ಮರದ ಮಾಲೀಕನ ನಷ್ಟ. ಅದಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುವ ವ್ಯವಸ್ಥೆ ಬಂತು. ಪಕ್ಕದ ಮನುಷ್ಯನ ಜೇಬು ಖಾಲಿಯಾದರೆ ಬೆಂಬಲ ಬಹಳ ದಿನ ಬಾಳದು. ಬನ್ನೇರುಘಟ್ಟದ ಕರಡಿ ಪುನರ್ವಸತಿ ಕೇಂದ್ರದ ಹಿಂದೆಯೂ ಇದೇ ಬುದ್ಧಿ ಕೆಲಸ ಮಾಡಿದೆ. ಕರಡಿ ಕುಣಿಸಿ ಹೊಟ್ಟೆ ಹೊರೆಯುತ್ತಿದ್ದ ಕಲಂದರ್ ಕುಟುಂಬಗಳಿಗೆ ಬೇರೆ ದುಡಿಮೆಗೆ ನೆರವು, ಮಕ್ಕಳಿಗೆ ಶಾಲೆ ಎಂಬ ಒಪ್ಪಂದದ ಮೇಲೆಯೇ ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆ ಕರಡಿಗಳನ್ನು ಬಿಡಿಸಿಕೊಂಡಿತು. ನಿಮ್ಮ ಏರಿಯಾದಲ್ಲಿ ಹಾವು ಆಡಿಸುವವರು, ಗಿಣಿ ಮಾರುವವರು ಇದ್ದರೆ ದೂರು ಕೊಡಿ. ಆ ಮನೆಯ ಹುಡುಗನಿಗೆ ಬೇರೆ ಕೆಲಸ ಹುಡುಕಲು ಕೂಡ ಒಂದು ಸಂಜೆ ಇಡಿ. ಇದು ಈ ಪಟ್ಟಿಯಲ್ಲೇ ಕಷ್ಟದ ಸೂತ್ರ, ಹೆಚ್ಚಿನವರು ಇದನ್ನು ಹಾರಿಸುತ್ತಾರೆ.

12. ಸಾವಿಗೆ ತಯಾರಾಗಿ, ಬದಲಿಯನ್ನೂ ತಯಾರು ಮಾಡಿ

ನೀವು ಟ್ರಾಫಿಕ್ ಸೀಳಿಕೊಂಡು ಒಯ್ದ ಹಕ್ಕಿ ಮರುದಿನ ಸಾಯಬಹುದು. ಜನ ನೋಡುವ ಹೊತ್ತಿಗೆ ಕಾಡುಪ್ರಾಣಿಯ ಸ್ಥಿತಿ ಬಹುಪಾಲು ಕೆಟ್ಟಿರುತ್ತದೆ; ಕಾಯಿಲೆ ಮುಚ್ಚಿಟ್ಟುಕೊಳ್ಳುವುದು ಅವುಗಳ ಸ್ವಭಾವ. ಎಂದೂ ಹಾರಲಾಗದ, ನೋವಿನಲ್ಲೇ ಇರಬೇಕಾದ ಪ್ರಾಣಿಗೆ ಡಾಕ್ಟರ್ ದಯಾಮರಣ ಕೊಡುವುದೂ ಉಂಟು. ಅದಕ್ಕಾಗಿ ಕೇಂದ್ರವನ್ನು ಇನ್‌ಸ್ಟಾಗ್ರಾಮಿನಲ್ಲಿ ಬೈಯಬೇಡಿ. ಕೇಸ್ ನಂಬರ್ ತೆಗೆದುಕೊಂಡು ವಾರಕ್ಕೊಮ್ಮೆ ಮೆಸೇಜ್ ಮಾಡಿ ಕೇಳಿ. ದಿನಕ್ಕೆ ಮೂರು ಸಲ ಫೋನ್ ಮಾಡಿದರೆ ಮರಿಗೆ ಊಟ ಹಾಕುವ ಕೈ ಫೋನ್ ಎತ್ತಬೇಕಾಗುತ್ತದೆ.

ಇನ್ನು ನಿಮ್ಮ ವಿಷಯ. ಸೆಮಿಸ್ಟರ್ ಪರೀಕ್ಷೆ ಬರುತ್ತದೆ, ಅಪ್ರೈಸಲ್ ಬರುತ್ತದೆ, ಪುಣೆಗೆ ಟ್ರಾನ್ಸ್‌ಫರ್ ಬರುತ್ತದೆ. ಒಬ್ಬರ ಉತ್ಸಾಹದ ಮೇಲೆ ನಿಂತ ಗುಂಪು ಅವರು ಊರು ಬಿಟ್ಟ ವಾರವೇ ಮುಚ್ಚುತ್ತದೆ. ಸೇರಿದ ಮೊದಲ ತಿಂಗಳಲ್ಲೇ ಬದಲಿ ಯಾರು ಎಂದು ಹೆಸರು ಬರೆದಿಡಿ. ಎರಡು ರೆಸ್ಕ್ಯೂಗೆ ಅವರನ್ನು ಜೊತೆಗೆ ಕರೆದೊಯ್ಯಿರಿ, ಮೂರನೆಯದಕ್ಕೆ ನೀವು ಮನೆಯಲ್ಲೇ ಇರಿ. ಗ್ರೂಪಿಗೆ ಇಬ್ಬರು ಅಡ್ಮಿನ್ ಇರಲಿ, ರೋಸ್ಟರ್ ಶೀಟಿನ ಎಡಿಟ್ ಆ್ಯಕ್ಸೆಸ್ ಇಬ್ಬರಿಗೂ ಇರಲಿ, ಡಬ್ಬವನ್ನು ಸೆಕ್ಯುರಿಟಿ ಕ್ಯಾಬಿನ್‌ನಲ್ಲಿ ಎಲ್ಲರ ಕೈಗೆ ಸಿಗುವಂತೆ ಇಡಿ.